ಮುಂದಿನ ಸೀಟಿನ ಒದ್ದೆ

ಎರಡು ವರ್ಷ ಮಳೆ ಕೈಕೊಟ್ಟ ಆ ಬೇಸಿಗೆಯಲ್ಲಿ ಬೀದರದ ನನ್ನ ಅಂಗಡಿಗೆ ಬರುತ್ತಿದ್ದ ಕಾರುಗಳಲ್ಲಿ ಅರ್ಧಕ್ಕರ್ಧ ಒಂದೇ ದೂರು ಹೊತ್ತು ಬರುತ್ತಿದ್ದವು. ಸೀಟ್ ಬೆಲ್ಟ್ ಹಾಕಿಕೊಂಡರೂ ಎದುರಿನ ಕೆಂಪು ದೀಪ ಆರುವುದಿಲ್ಲ, ಕುಂಯ್ ಕುಂಯ್ ಸದ್ದು ನಿಲ್ಲುವುದಿಲ್ಲ. "ಮಿಸ್ತ್ರಿ, ಫಾಲ್ಟ್ ಆಮ್ಯಾಲ ನೋಡ್ರಿ, ಮೊದ್ಲ ಈ ಒದರೋದು ಬಂದ್ ಮಾಡ್ರಿ" ಎನ್ನುವವರೇ ಎಲ್ಲ. ಬೇರೆ ಅಂಗಡಿಗಳಲ್ಲಿ ಹಾಗೆ ಬಂದ್ ಮಾಡಿಯೂ ಕೊಡುತ್ತಿದ್ದರು. ಸೀಟಿನ ಕೆಳಗೆ ಕೈ ಹಾಕಿ ಎರಡು ವೈರು ಕತ್ತರಿಸಿ ಒಂದಕ್ಕೊಂದು ಹೆಣೆದರೆ ಮುಗಿಯಿತು, ಬೆಲ್ಟ್ ಹಾಕಿದೆ ಎಂದೇ ಕಾರು ನಂಬಿಕೊಳ್ಳುತ್ತದೆ. ನಾನು ಅಂಥವನಲ್ಲ, ಕಾರಣ ಹುಡುಕದೆ ಬಿಡುವವನಲ್ಲ ಎಂಬ ಜಂಬ ನನಗಿತ್ತು. ಈಗ ಬರೆಯುತ್ತಿರುವುದು ಆ ಜಂಬ ಮಾಡಿದ ಕೆಲಸದ ಬಗ್ಗೆ. ಬರೆಯಲು ಇಷ್ಟವೇನೂ ಇಲ್ಲ.

ನಾನು ಔರಾದ ತಾಲೂಕಿನ ಸಂತಪುರದವನು. ಮನೆ ಮೈಲೂರಿನಲ್ಲಿ, ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಬೇವಿನ ಗಿಡ, ಅದರ ಕೆಳಗೆ ನನ್ನ ಅಂಗಡಿ. ವಾಹನಗಳ ವೈರಿಂಗ್ ಕೆಲಸ. ಬೆಲ್ಟಿನ ದೂರು ಬಂದರೆ ಮೊದಲು ಸ್ಕ್ಯಾನರ್ ಹಾಕಿ ಕಾರಿನ ಕಂಪ್ಯೂಟರು ಏನು ಬರೆದಿಟ್ಟುಕೊಂಡಿದೆ ಎಂದು ನೋಡುತ್ತೇನೆ. ಆಮೇಲೆ ಬ್ಯಾಟರಿಯ ತಂತಿ ಬಿಚ್ಚಿ, ಏರ್‌ಬ್ಯಾಗಿನಲ್ಲಿ ಉಳಿದ ಕರೆಂಟು ಇಳಿಯಲಿ ಎಂದು ಒಂದು ಚಹಾ ಕುಡಿಯುವಷ್ಟು ಹೊತ್ತು ಕಾಯುತ್ತೇನೆ. ಆಮೇಲೆ ಬಕಲ್. ಬೆಲ್ಟಿನ ನಾಲಿಗೆ ಒಳಗೆ ಹೋಗಿ ಕಟ್ ಎಂದಾಗ ಒಳಗಿನ ಸ್ವಿಚ್ಚು ಬದಲಾಗಬೇಕು, ಅದು ಮೀಟರಿನಲ್ಲಿ ಕಾಣಬೇಕು. ಬಕಲ್ ಸರಿಯಿದ್ದರೆ ಸೀಟಿನ ಗಾದಿಯೊಳಗಿನ ಹಾಳೆ. ಡ್ರೈವರಿನ ಪಕ್ಕದ ಸೀಟಿನಲ್ಲಿ ಮನುಷ್ಯರು ಕೂತಿದ್ದಾರೋ ಇಲ್ಲವೋ ಎಂಬುದನ್ನು ಭಾರದ ಮೇಲೆ ತಿಳಿಯುವ ತೆಳ್ಳನೆಯ ಹಾಳೆ ಅದು. ಅದೂ ಸರಿಯಿದ್ದರೆ ಸೀಟಿನ ಕೆಳಗೆ, ಕಾರ್ಪೆಟ್ಟಿಗೆ ಅಂಟಿಕೊಂಡಂತೆ ಇರುವ ಕನೆಕ್ಟರ್.

ಆ ಬೇಸಿಗೆಯಲ್ಲಿ ತಪ್ಪು ಇರುತ್ತಿದ್ದುದು ಈ ಕನೆಕ್ಟರಿನಲ್ಲೇ. ಕಾರಿದ್ದವರೆಲ್ಲ ಆಗ ಕಾರಿನಲ್ಲಿ ನೀರು ಹೊರುತ್ತಿದ್ದರು. ಹಿಂದೆ ನಾಲ್ಕು ಕ್ಯಾನು, ಜಾಗ ಸಾಲದೆ ಮುಂದಿನ ಸೀಟಿನಲ್ಲಿ ಒಂದು. ಸೀಟಿನ ಹಾಳೆ ಅದನ್ನು ಮನುಷ್ಯ ಎಂದುಕೊಂಡು ಒದರಿದಾಗ ಕ್ಯಾನಿಗೂ ಬೆಲ್ಟ್ ಹಾಕುತ್ತಿದ್ದರು. ರಸ್ತೆಯ ಗುಂಡಿಗಳಲ್ಲಿ ತುಳುಕಿದ ನೀರು ಗಾದಿಯಿಂದ ಇಳಿದು ಕನೆಕ್ಟರಿನಲ್ಲಿ ನಿಂತು ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಸುತ್ತಿತ್ತು. ಹೊಲಗಳಿಗೆ ಹನಿ ನೀರಿಲ್ಲದ ವರ್ಷ ಕಾರುಗಳು ನೀರಿನಿಂದ ಕೆಡುತ್ತಿದ್ದವು. ಮೂರನೆಯ ಕಾರಿನಲ್ಲಿ ನನಗೆ ಇದು ಹೊಳೆಯಿತು. ಹತ್ತನೆಯ ಕಾರಿನ ಹೊತ್ತಿಗೆ ಬಾಗಿಲು ತೆರೆಯುವ ಮೊದಲೇ, "ಮುಂದಿನ ಸೀಟಿನ್ಯಾಗ ಕ್ಯಾನ್ ಇಡ್ತೀರಿ, ಹೌದಲ್ರಿ?" ಎಂದು ಕೂಗುವಷ್ಟು ಧೈರ್ಯ ಬಂದಿತ್ತು. ಬಗದಲ್ ಕಡೆಯ ಹಿರಿಯರೊಬ್ಬರು, "ನೀ ಮಿಸ್ತ್ರಿ ಅಲ್ಲೋ ತಮ್ಮಾ, ಜೋತಿಷಿ ಇದ್ದಿ" ಎಂದು ಬೆನ್ನು ತಟ್ಟಿದರು. ಅಂದಿನಿಂದ ಕಾಯುತ್ತ ಕೂತ ಗಿರಾಕಿಗಳ ಮುಂದೆ ಇದೊಂದು ಆಟವೇ ಆಯಿತು. ನಾನು ಕೂಗುವುದು, ಅವರು ತಲೆ ತೂಗುವುದು, ಎಲ್ಲರೂ ನಗುವುದು.

ಭಾಲ್ಕಿಯ ಕಾರು ಬಂದದ್ದು ಒಂದು ಸೋಮವಾರ ಮಧ್ಯಾಹ್ನ. ಓಡಿಸುತ್ತಿದ್ದವರು ಮೂವತ್ತೈದರ ಆಸುಪಾಸಿನ ಹೆಂಗಸು, ಶಾಲೆಯ ಟೀಚರು. ಪಕ್ಕದಲ್ಲಿ ಅವರ ಅತ್ತೆ. ಲಕ್ವಾ ಹೊಡೆದು ಎಡಗೈ, ಎಡಗಾಲು ಸೋತಿದ್ದವು. ವಾರಕ್ಕೊಮ್ಮೆ ಬೀದರದ ಆಸ್ಪತ್ರೆಗೆ ಕೈಕಾಲಿನ ವ್ಯಾಯಾಮಕ್ಕೆ ಕರೆತರುತ್ತಿದ್ದರು. ಕಾರು ಮಗನದು. ಹೈದರಾಬಾದಿಗೆ ಬಾಡಿಗೆ ಹೊಡೆಯುತ್ತಿದ್ದವನು ಬರದಲ್ಲಿ ಬಾಡಿಗೆ ನಿಂತು ಪುಣೆಗೆ ಹೋಗಿ ಯಾವುದೋ ಕಾರ್ಖಾನೆಯ ಬಸ್ಸು ಓಡಿಸುತ್ತಿದ್ದ. ಹೋಗುವ ಮೊದಲು ಹೆಂಡತಿಗೆ ಡ್ರೈವಿಂಗ್ ಕಲಿಸಿದ್ದು ತಾಯಿಯ ಈ ಸೋಮವಾರಗಳಿಗಾಗಿಯೇ. ಇಷ್ಟನ್ನೂ ಸೊಸೆಯೇ, ಅತ್ತೆಯನ್ನು ಮೆಲ್ಲಗೆ ಇಳಿಸಿ ಬೇವಿನ ನೆರಳಿನ ಕುರ್ಚಿಯಲ್ಲಿ ಕೂರಿಸುತ್ತ ಹೇಳಿದರು. ಅಂಗಡಿಯಲ್ಲಿ ಆಗ ಆರು ಜನ ಗಂಡಸರು ಕಾಯುತ್ತಿದ್ದರು.

"ಕ್ಯಾನ್ ಇಡ್ತೀರಿ, ಹೌದಲ್ರಿ ಮೇಡಮ್?" ಎಂದು ಎಂದಿನಂತೆ ಕೂಗಿದೆ.

"ಹೌದ್ರಿ. ಕ್ಯಾನ್ ಇಡ್ತೇವಿ. ಹ್ವಾದ ವಾರ ಸೋರಿತ್ತು" ಎಂದರು. ಸ್ವಲ್ಪ ಬೇಗನೆ ಅಂದರು. ಅಲ್ಲಿಗೆ ಮಾತು ಮುಗಿಯಬೇಕಿತ್ತು.

ಸ್ಕ್ಯಾನರ್ ಪಕ್ಕದ ಸೀಟಿನ ಬಕಲ್ ಸರ್ಕ್ಯೂಟನ್ನು ತೋರಿಸಿತು. ಬಕಲ್ ಸರಿಯಿತ್ತು. ಹಾಳೆ ಸರಿಯಿತ್ತು. ಸೀಟಿನ ಬೋಲ್ಟ್ ಬಿಚ್ಚಿ ಹಿಂದಕ್ಕೆ ವಾಲಿಸಿ ಕನೆಕ್ಟರ್ ಎಳೆದೆ. ನೀರಿನ ಕಿಲುಬು ತೆಳ್ಳಗೆ, ಹಸಿರಾಗಿ ಇರುತ್ತದೆ. ಇಲ್ಲಿ ಪಿನ್ನುಗಳ ಸುತ್ತ ಬಿಳಿಯ ದಪ್ಪ ಹೊಪ್ಪಳೆ ಕಟ್ಟಿತ್ತು, ಉಗುರಿನಿಂದ ಕೆರೆದರೆ ಉಪ್ಪಿನಂತೆ ಉದುರುತ್ತಿತ್ತು. ಗಾದಿಯ ಕೆಳಗಿನ ಸ್ಪಂಜು ಹಳದಿಯಾಗಿತ್ತು. ಕಣ್ಣಿಗಿಂತ ಮೊದಲು ಮೂಗಿಗೇ ಗೊತ್ತಾಗಿತ್ತು ಎನ್ನಬೇಕು.

ತಿಳಿದವನು ಅಲ್ಲಿಯೇ ಬಾಯಿ ಮುಚ್ಚಿಕೊಂಡು ಒರೆಸಿ ಕೊಟ್ಟು ಕಳಿಸುತ್ತಿದ್ದ. ನನಗೆ ಮಾತ್ರ, ನೀರು ಎಂದು ಇಷ್ಟು ಜನರ ಮುಂದೆ ಕೂಗಿ ಈಗ ಅದು ನೀರಲ್ಲದೆ ಹೋದದ್ದೇ ದೊಡ್ಡ ವಿಷಯವಾಯಿತು. ನನ್ನ ಲೆಕ್ಕಾಚಾರ ತಪ್ಪಲು ಇವರ ಸುಳ್ಳೇ ಕಾರಣ ಎಂದು ಸಿಟ್ಟೂ ಬಂತು.

"ಮೇಡಮ್, ಇದು ನೀರಲ್ರಿ" ಎಂದೆ, ಕನೆಕ್ಟರನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ. "ನೀರಾಗ ಇಷ್ಟ ಉಪ್ಪು ಎಲ್ಲಿಂದ ಬರ್ತದ?"

"ಬೋರಿನ ನೀರ್ರಿ. ಸವಳು ಅದ" ಎಂದರು ಸೊಸೆ.

"ಸವಳು ನೀರು ಹಿಂಗ ನಾತ ಹೊಡ್ಯಂಗಿಲ್ರಿ."

ಒಬ್ಬಿಬ್ಬರು ನಕ್ಕರು. ಸೊಸೆಯ ಮುಖ ಕೆಂಪಾಯಿತು. "ಮನ್ಯಾಗ ಕೂಸದರಿ. ಕೂಸು ಮಾಡ್ಕೊಂಡದ" ಎಂದರು, ಧ್ವನಿ ಇಳಿಸಿ.

ಅವರು ಧ್ವನಿ ಇಳಿಸಿದ್ದು ನನಗೆ ಕೇಳಿಸಿತು. ಆದರೂ ನಾನು ನನ್ನದನ್ನು ಇಳಿಸಲಿಲ್ಲ. "ಕೂಸು ಕುಂತ್ರ ಈ ಸೀಟಿಗಿ ಗೊತ್ತೇ ಆಗಂಗಿಲ್ರಿ. ಅಷ್ಟ ತೂಕಕ್ಕ ಇದು ಒದರಂಗಿಲ್ಲ. ಇದು ದೊಡ್ಡ ಮನಶ್ಯಾರು ಕುಂತಾಗ ಬಂದ ಫಾಲ್ಟ್. ನೀವು ನನಗ ಏನರ ಹೇಳ್ರಿ, ಮೀಟರಿಗಿ ಹೇಳ್ಲಿಕ್ಕ ಬರಂಗಿಲ್ಲ" ಎಂದೆ. ಆರೂ ಜನ ನಕ್ಕರು. ನಾನೂ ನಕ್ಕೆ.

"ಕೂಸಲ್ಲ ತಮ್ಮಾ. ನಾನೇ."

ಕುರ್ಚಿಯಲ್ಲಿ ಕೂತ ಅತ್ತೆ ಹೇಳಿದರು. ಲಕ್ವಾದಿಂದ ಬಾಯಿ ಸ್ವಲ್ಪ ಸೊಟ್ಟಗಾಗಿತ್ತು, ಮಾತು ನಿಧಾನ, ಆದರೆ ಒಂದೊಂದು ಅಕ್ಷರವೂ ಸ್ಪಷ್ಟ. "ತಾಸಿನ ದಾರಿ ಅದ. ನಡುವ ಇಳೀಲಿಕ್ಕ ಕಾಲು ಬರಂಗಿಲ್ಲ. ಸೊಸಿ ಒಬ್ಬಾಕಿನೇ ನನ್ನ ಎಷ್ಟ ಸಲ ಎತ್ತಬೇಕು?"

"ಅತ್ತೀ, ನೀವು ಸುಮ್ಮನಿರ್ರಿ" ಎಂದು ಸೊಸೆ ಅವರ ಕಡೆ ಓಡಿದರು. ಅತ್ತೆ ಬಲಗೈ ಎತ್ತಿ, "ಅಸೂ ದೇ, ಅಸೂ ದೇ" ಎಂದರು. ಇರಲಿ ಬಿಡು ಎಂದು, ಮರಾಠಿಯಲ್ಲಿ. ಮನೆಯ ಮಾತಿನಲ್ಲಿ ಸೊಸೆಗೆ ಅವರು ಸಮಾಧಾನ ಹೇಳುತ್ತಿದ್ದರು, ನಾನು ಮಾಡಿದ ಗಾಯಕ್ಕೆ.

ಆರು ಜನರಲ್ಲಿ ಒಬ್ಬ ಫೋನು ತೆಗೆದ, ಒಬ್ಬ ಎದ್ದು ರಸ್ತೆಯ ಕಡೆ ಹೋದ. ನಾನು ತಲೆಯನ್ನು ಸೀಟಿನ ಕೆಳಗೆ ತೂರಿಸಿದೆ. ಪಿನ್ನು ಉಜ್ಜಿ, ಹೊಸ ಟರ್ಮಿನಲ್ ಹಾಕಿ, ಸ್ಪ್ರೇ ಹೊಡೆದು ಮುಗಿಸಲು ಇಪ್ಪತ್ತು ನಿಮಿಷ ಸಾಕು. ನಾನು ಮುಕ್ಕಾಲು ಗಂಟೆ ಅಲ್ಲೇ ಇದ್ದೆ. ತಪ್ಪಾಯಿತು ಎಂಬ ಒಂದು ಮಾತು ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಮತ್ತೆ ಅದೇ ವಿಷಯ ಎತ್ತಿದಂತೆ ಆಗುತ್ತದೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಹೊರಡುವಾಗ ಅತ್ತೆ ಸೀಟಿನಲ್ಲಿ ಕೂರದೆ ಬಾಗಿಲು ಹಿಡಿದು ನಿಂತರು. "ತಮ್ಮಾ, ಒಂದು ಪ್ಲಾಸ್ಟಿಕ್ ಹಾಳಿ ಅದೇನು ನಿನ್ನ ಹಂತ್ಯಾಕ?" ಎಂದು ಕೇಳಿದರು. ಹೊಸ ಸೀಟ್ ಕವರ್ ಸುತ್ತಿ ಬಂದ ಪ್ಲಾಸ್ಟಿಕ್ ಇತ್ತು, ಕೊಟ್ಟೆ. ಸೊಸೆ ಅದನ್ನು ಹಾಸಿದರು. ಅವರು ಕೂತು ಬಲಗೈಯಿಂದ ಬೆಲ್ಟ್ ಎಳೆದುಕೊಂಡರು. ಕಟ್ ಎಂದಿತು, ದೀಪ ಆರಿತು.

ಇಲ್ಲಿಗೆ ನಿಂತಿದ್ದರೆ ನಾಚಿಕೆ ಒಂದು ದಿನದ್ದಾಗುತ್ತಿತ್ತು. ಆದರೆ ಮುಂದಿನ ಎರಡು ಮೂರು ವಾರ ನಾನು ಇದೇ ಕಥೆಯನ್ನು ಚಹಾದಂಗಡಿಯಲ್ಲಿ, ಬೇರೆ ಮಿಸ್ತ್ರಿಗಳ ಮುಂದೆ, ನನ್ನ ಜಾಣತನದ ಕಥೆಯಾಗಿ ಹೇಳಿದೆ. ಬಿಳಿ ಹೊಪ್ಪಳೆ ನೋಡಿ ನೀರಲ್ಲ ಎಂದು ಹೇಗೆ ಹಿಡಿದೆ, ಭಾರದ ಮೇಲೆ ಕೂಸಲ್ಲ ಎಂದು ಹೇಗೆ ಸಾಧಿಸಿದೆ. ಅಲ್ಲಿಯವರೆಗೆ ಹೇಳಿ ನಿಲ್ಲಿಸುತ್ತಿದ್ದೆ. ಅವರು ಬಾಯಿ ಬಿಟ್ಟು ಹೇಳಿದ ಮಾತನ್ನು, ಪ್ಲಾಸ್ಟಿಕ್ ಕೇಳಿದ್ದನ್ನು ಯಾರಿಗೂ ಹೇಳಲಿಲ್ಲ. ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತಿತ್ತು ಎಂದ ಮೇಲೆ, ಮಾಡಿದ್ದೇನು ಎಂಬುದೂ ಗೊತ್ತಿತ್ತು ಎಂದಾಯಿತಲ್ಲ.

ಅಪ್ಪನನ್ನು ನೋಡಿಬರಲು ಸಂತಪುರಕ್ಕೆ ಹೋದವನು ಒಂದು ಕೆಲಸಕ್ಕೆಂದು ಔರಾದಿಗೂ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ಹೈದರಾಬಾದಿನ ಬಸ್ಸಿಗೆ ಕಾಯುವ ಕುಟುಂಬಗಳು ಗಂಟುಮೂಟೆಗಳ ಮೇಲೆ ಕೂತಿದ್ದವು. ಚಹಾದ ಗಾಡಿಯ ಹತ್ತಿರ ಇಬ್ಬರು ಜೀಪ್ ಡ್ರೈವರುಗಳು ಮಾತಾಡುತ್ತಿದ್ದರು. "ಬೀದರದಾಗ ಒಬ್ಬ ಮಿಸ್ತ್ರಿ ಇದ್ದಾನಂತ..." ಎಂದು ಒಬ್ಬ ಶುರುಮಾಡಿದ. ನನ್ನದೇ ಕಥೆ. ಔರಾದಿಗೆ ಬರುವಷ್ಟರಲ್ಲಿ ಅದಕ್ಕೆ ಕೈಕಾಲು ಬಂದಿದ್ದವು. ಭಾಲ್ಕಿಯ ಮುದುಕಿ, ಟೀಚರ್ ಸೊಸೆ ಎಂಬುದೆಲ್ಲ ಇತ್ತು, ಸೊಸೆ ಇರುವ ಶಾಲೆಯ ಗುರುತೂ ಇತ್ತು. ಮಿಸ್ತ್ರಿ ಮೂಗು ಹಿಡಿದುಕೊಂಡು ಹೊರಗೆ ಓಡಿದನಂತೆ. ಗಂಟಿನ ಮೇಲೆ ಕೂತ ಒಬ್ಬ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ನಾನು ಮೂಗು ಹಿಡಿದುಕೊಂಡಿರಲಿಲ್ಲ. ಅದೊಂದನ್ನಾದರೂ ತಿದ್ದಬೇಕು ಎನ್ನಿಸಿತು. ತಿದ್ದಬೇಕಾದರೆ ಆ ಮಿಸ್ತ್ರಿ ನಾನೇ ಎನ್ನಬೇಕು. ಚಹಾ ಕುಡಿದು ಸಂತಪುರದ ಬಸ್ಸು ಹತ್ತಿದೆ. ನಮ್ಮಪ್ಪ ಹುಡುಗನಾಗಿದ್ದಾಗ ಬಾವಿಯ ಹತ್ತಿರ ಹೋಗುವಂತಿರಲಿಲ್ಲ, ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಕೊಡಕ್ಕೆ ಸುರಿಯುವವರೆಗೆ ದೂರ ನಿಲ್ಲಬೇಕಿತ್ತು. ನಾಲ್ಕು ಜನರ ಮುಂದೆ ಸಣ್ಣವರಾಗುವುದು ಎಂದರೇನು ಎಂಬುದನ್ನು ನಮ್ಮ ಮನೆಯಲ್ಲಿ ಯಾರಿಗೂ ಪಾಠ ಹೇಳಬೇಕಿಲ್ಲ. ಅಂಥ ಮನೆಯವನು ನಾನು. ಆ ದಿನ ಅಪ್ಪನ ಎದುರು ಕೂತು ಊಟ ಮಾಡುವಾಗ ತಲೆ ಎತ್ತಲು ಆಗಲಿಲ್ಲ. "ಯಾಕೋ, ಆರಾಮಿಲ್ಲೇನು?" ಎಂದು ಕೇಳಿದರು. ಬಿಸಿಲು ಎಂದೆ.

ಅದಾಗಿ ಸ್ವಲ್ಪ ದಿನಕ್ಕೆ ಭಾಲ್ಕಿಯ ಸೊಸೆ ಒಬ್ಬರೇ ಬಂದರು. ಕಾರು ಮತ್ತೆ ಒದರುತ್ತಿತ್ತು. ನೋಡಿದರೆ ಮುಂದಿನ ಸೀಟಿನಲ್ಲಿ ಬಟ್ಟೆ, ಪಾತ್ರೆ ತುಂಬಿದ ದೊಡ್ಡ ಚೀಲ. ಎತ್ತಿ ಹಿಂದಿನ ಸೀಟಿಗೆ ಇಟ್ಟೆ, ಸದ್ದು ನಿಂತಿತು. ಈ ಸಲ ನಾನು ಕೂಗಲಿಲ್ಲ, ಹತ್ತಿರ ಹೋಗಿ ಅತ್ತೆಯ ಬಗ್ಗೆ ಕೇಳಿದೆ: "ಆಯಿ ಎಲ್ಲ್ಯಾರ್ರಿ?"

"ಇಲ್ಲೇ ದವಾಖಾನ್ಯಾಗ ಇದ್ದಾರ್ರಿ. ಎರಡು ದಿನ ಆಯ್ತು, ಸಲಾಯಿನ್ ಹಚ್ಯಾರ."

"ಏನಾಯ್ತ್ರಿ?"

ಅವರು ಚೀಲದ ಕಡೆ ನೋಡುತ್ತ ಹೇಳಿದರು. "ಬೀದರಕ್ಕ ಬರೋದಿದ್ರ ಹಿಂದಿನ ದಿನ ಸಂಜಿಯಿಂದ ನೀರು ಮುಟ್ಟಂಗಿಲ್ರಿ ಅವರು. ಈಗ ಒಂದು ತಿಂಗಳಿಂದ ಹಿಂಗೇ. ನಾ ಎಷ್ಟ ಹೇಳಿದ್ರೂ ಕೇಳಂಗಿಲ್ಲ. ಸೀಟು ಹಸಿ ಆಗ್ತದ, ಮತ್ತ ನೀ ಆ ಅಂಗಡಿಗಿ ಹೋಗಿ ನಿಂದ್ರಬೇಕಾಗ್ತದ ಅಂತಾರ. ಈ ಬಿಸಿಲಾಗ ನೀರಿಲ್ದ ಬಂದು ವ್ಯಾಯಾಮ ಮಾಡ್ಸೋ ಮುಂದ ಚಕ್ಕರ್ ಬಂದು ಬಿದ್ರು." ಆಮೇಲೆ ನನ್ನ ಮುಖ ನೋಡಿ, "ನೀವೇನೂ ಮನಸ್ಸಿಗಿ ಹಚ್ಕೋಬ್ಯಾಡ್ರಿ ಮಿಸ್ತ್ರಿ" ಎಂದರು.

ಅವರು ಬೈದಿದ್ದರೆ ನನಗೆ ಒಳ್ಳೆಯದಿತ್ತು. ಒಂದು ತಿಂಗಳು ಎಂದರೆ ನಾನು ಚಹಾದಂಗಡಿಯಲ್ಲಿ ಕಥೆ ಹೇಳುತ್ತಿದ್ದ ಅಷ್ಟೂ ದಿನ. ನಾನು ಜನರನ್ನು ನಗಿಸುತ್ತಿದ್ದ ಹೊತ್ತಿನಲ್ಲಿ ಅವರು ಭಾನುವಾರ ಸಂಜೆಗೇ ಲೋಟ ದೂರ ಸರಿಸುತ್ತಿದ್ದರು. ದವಾಖಾನೆಗೆ ಹೋಗಿ ನೋಡಲು ಧೈರ್ಯ ಬರಲಿಲ್ಲ. "ಆಯಿ ಮನಿಗಿ ಬಂದ ಮ್ಯಾಲ ನಾನೇ ಭಾಲ್ಕಿಗಿ ಬರ್ತೇನ್ರಿ. ಸೀಟಿಗಿ ಏನೂ ಆಗಲಾರ್ದಂಗ ಮಾಡಿ ಕೊಡ್ತೇನಿ" ಎಂದಷ್ಟೇ ಹೇಳಿದೆ.

ಹೋದದ್ದು ಎರಡು ವಾರದ ಮೇಲೆ, ಅವರು ಮತ್ತೆ ಬೀದರಕ್ಕೆ ಹೊರಡಬೇಕಿದ್ದ ಸೋಮವಾರ ಬೆಳಿಗ್ಗೆಯೇ. ಮೊದಲ ಬಸ್ಸಿಗೆ ಸಾಮಾನಿನ ಚೀಲ ಹಿಡಿದು ಹೋದೆ. ಮನೆಯ ಮುಂದೆ ಖಾಲಿ ಕೊಡಗಳ ಸಾಲು. ಆಯಿ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು, ಮೊದಲಿಗಿಂತ ಇಳಿದುಹೋಗಿದ್ದರು. ನನ್ನನ್ನು ನೋಡಿ, "ಬಾ ತಮ್ಮಾ" ಎಂದರು. ಗುರುತು ಹಿಡಿದಿದ್ದರು.

ಸೀಟು ಬಿಚ್ಚಿದೆ. ಕೆಳಗಿನ ಕನೆಕ್ಟರನ್ನು ವೈರು ಉದ್ದ ಮಾಡಿ ಸೀಟಿನ ಪಕ್ಕಕ್ಕೆ, ಎತ್ತರಕ್ಕೆ ಕಟ್ಟಿದೆ. ಗಾದಿಯ ಸ್ಪಂಜು ಹೊಸದು ಹಾಕಿ, ಅದರ ಮೇಲೆ ದಪ್ಪ ರೆಕ್ಸಿನ್ ಎಳೆದು ಹೊಲಿದೆ. ಮೇಲೆ ತೆಗೆದು ಒಗೆಯುವಂಥ ಅರಿವೆಯ ಕವರು. ಬಕಲ್, ಹಾಳೆ, ಎಲ್ಲವನ್ನೂ ಮೀಟರ್ ಹಿಡಿದು ನೋಡಿದೆ. ಎದುರು ಮನೆಯವರು ಹಲ್ಲುಜ್ಜುತ್ತ ಬಂದು, "ಏನ್ ಬಿಗಡಾಯಿಸ್ಯಾದ್ರಿ ಗಾಡಿ?" ಎಂದು ವಿಚಾರಿಸಿದರು. "ಏನಿಲ್ರಿ, ಬೆಲ್ಟಿನ ವೈರ್ ಸಡ್ಲ ಆಗಿತ್ತು" ಎಂದೆ. ಆ ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದರೆ, ಅಂದು ಅಂಗಡಿಯಲ್ಲೂ ಇಷ್ಟೇ ಸಲೀಸಾಗಿ ಬರುತ್ತಿತ್ತಲ್ಲ ಎನ್ನಿಸಿತು. ಕಟ್ಟೆಯ ಮೇಲಿನಿಂದ ಆಯಿ ನನ್ನನ್ನೇ ನೋಡುತ್ತಿದ್ದರು.

ಕೈ ಒರೆಸಿಕೊಂಡು ಅವರ ಹತ್ತಿರ ನೆಲಕ್ಕೆ ಕೂತೆ. "ಆಯೀ, ಅವತ್ತ ನಾ ಮಾತಾಡಿದ್ದು ತಪ್ಪಾಯ್ತು" ಎಂದೆ. ಬಸ್ಸಿನುದ್ದಕ್ಕೂ ಕೂಡಿಸಿಕೊಂಡು ಬಂದ ಮಾತುಗಳಲ್ಲಿ ಬಾಯಿಗೆ ಬಂದದ್ದು ಇಷ್ಟೇ.

"ನೀ ಸುಳ್ಳೇನು ಹೇಳಿಲ್ಲ. ಖರೇನೇ ಹೇಳ್ದಿ" ಎಂದರು. ಒಳಗಿನ ಬಾಗಿಲ ಕಡೆ ನೋಡಿ, "ನನ್ನ ಸೊಸಿ ಸುಳ್ಳು ಹೇಳ್ಲತ್ತಿದ್ಳು. ನನ್ನ ಸಲುವಾಗಿ. ಅದು ನಿನಗ ತಿಳೀಲಿಲ್ಲೇನು?" ಎಂದರು.

ತಿಳಿದಿತ್ತು. ತಲೆ ಬಗ್ಗಿಸಿ, "ತಿಳಿದಿತ್ತು ಆಯೀ" ಎಂದೆ. ಈ ವಿಷಯದಲ್ಲಿ ನಾನು ಆಡಿದ ಒಂದೇ ಒಂದು ಸರಿಯಾದ ಮಾತು ಅದು ಇರಬೇಕು.

ಸೊಸೆ ಒಳಗಿನಿಂದ ಎರಡು ಸ್ಟೀಲ್ ಲೋಟ ನೀರು ತಂದು, ಒಂದನ್ನು ನನಗೆ ಕೊಟ್ಟು ಇನ್ನೊಂದನ್ನು ಅತ್ತೆಯ ಬಲಗೈಗೆ ಹಿಡಿಸಿ, ಶಾಲೆಗೆ ರಜೆ ಹೇಳಲು ಫೋನು ಹಿಡಿದು ಒಳಗೆ ಹೋದರು. ನಾನು ನನ್ನದನ್ನು ಒಂದೇ ಸಲಕ್ಕೆ ಕುಡಿದು ಮುಗಿಸಿದೆ. ಆಯಿ ಲೋಟವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ತುಟಿ ಒಡೆದು ಬಿಳಿಯಾಗಿತ್ತು.

"ಕುಡೀರಿ ಆಯೀ" ಎಂದೆ. "ಇನ್ ಮ್ಯಾಲ ಏನು ಬಿದ್ರೂ ಏನೂ ಆಗಂಗಿಲ್ಲ. ನಾ ಎಲ್ಲಾ ಬಂದೋಬಸ್ತ್ ಮಾಡೇನಿ."

"ಗಾಡಿಗಿ ಆಗಂಗಿಲ್ಲ" ಎಂದರು.

ನಾನು ಮತ್ತೆ ಏನೋ ಹೇಳಲು ಹೋದೆ. ವೈರು ಎತ್ತರಕ್ಕೆ ಕಟ್ಟಿದ್ದನ್ನೋ, ರೆಕ್ಸಿನ್ನನ್ನೋ. ಅವರು ನನ್ನ ಕಡೆ ವಾಲಿ, ತಮ್ಮ ಲೋಟದ ನೀರನ್ನು ನನ್ನ ಖಾಲಿ ಲೋಟಕ್ಕೆ ಒಂದು ಹನಿಯೂ ಚೆಲ್ಲದಂತೆ ಸುರಿದರು. "ಟ್ಯಾಂಕರ್ ಬರೋದು ನಾಳಿಗಿ. ನೀರು ದಂಡ ಆಗ್ಬಾರ್ದು. ನೀ ಕುಡಿ" ಎಂದರು. "ಸೊಸಿ ಕೇಳಿದ್ರ ನಾ ಕುಡದೇನಿ ಅಂತ ಹೇಳು."

ಸೊಸೆ ಬಾಗಿಲಿಗೆ ಬಂದು, ಖಾಲಿ ಲೋಟ ನೋಡಿ, "ಅತ್ತಿ ಕುಡದ್ರೇನ್ರಿ?" ಎಂದು ನನ್ನನ್ನೇ ಕೇಳಿದರು. ಆಯಿ ನನ್ನ ಮುಖ ನೋಡಿದರು. ನಾನು ಬಾಯಲ್ಲಿದ್ದ ಗುಟುಕನ್ನು ನುಂಗಿ, ಹೌದ್ರಿ, ಕುಡದ್ರು ಎಂದೆ.